ಒಗರಿನೊಳಗಿನ ಹಣ್ಣು

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಕುಡಿಯುವವನಲ್ಲ. ಮಲೆನಾಡಿನ ಅಡಕೆ ತೋಟದ ನಡುವಿನ ಮನೆಯಲ್ಲಿ ಹುಟ್ಟಿ ಬೆಳೆದವನು. ದಿನದ ಮೂರನೆಯ ಲೋಟ ಕಾಫಿಯನ್ನು ದುಶ್ಚಟವೆಂದು ಎಣಿಸುತ್ತಿದ್ದ ತಂದೆಯ ಮಗ. ಇಂಥವನು ಫ್ರಾನ್ಸ್ ದೇಶದ ಕೆಂಪು ವೈನಿನ ಗುಣವಿಚಾರಕ್ಕೆ ಕೈಹಾಕುವುದೆಂದರೆ ಈಜು ಬಾರದವನು ಹೊಳೆಯ ಆಳವನ್ನು ಬಣ್ಣಿಸಿದಂತೆ ಎಂದು ಓದುಗರು ನಗಬಹುದು. ನಗಲಿ, ಅದರಲ್ಲಿ ನ್ಯಾಯವುಂಟು. ಆದರೆ ವೈನಿನ ಪರೀಕ್ಷೆಯನ್ನೇ ವೃತ್ತಿಯಾಗಿ ಹಿಡಿದವರು ಅದನ್ನು ಕುಡಿಯುವುದಿಲ್ಲ, ಬಾಯಲ್ಲಿ ಹೊರಳಾಡಿಸಿ ಉಗುಳಿಬಿಡುತ್ತಾರೆ ಎಂಬ ಸಂಗತಿ ತಿಳಿದ ಮೇಲೆ ನನ್ನ ಸಂಕೋಚ ಅರ್ಧಕ್ಕಿಳಿಯಿತು. ಒಂದೇ ಬೆಳಗ್ಗೆ ಹತ್ತಾರು ಬಗೆಗಳನ್ನು ನೋಡಬೇಕಾದವನು ಎಲ್ಲವನ್ನೂ ನುಂಗುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಅವನ ನಾಲಗೆಯೂ ತೀರ್ಪೂ ಒಟ್ಟಿಗೆ ತೊದಲುತ್ತವೆ. ಊರಿಗೆ ಹಿಂದಿರುಗಿ ಅಮ್ಮನಿಗೆ ಈ ಸಮಾಧಾನವನ್ನು ಹೇಳಿದಾಗ ಆಕೆ, “ಉಗುಳೋದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ಎಲೆಯಡಕೆ ಮನೇಲೇ ಇತ್ತಲ್ಲ” ಎಂದಳು.

ಹೋದದ್ದು ವೈನಿಗಾಗಿ ಅಲ್ಲ. ನನ್ನ ತಮ್ಮ ಇಪ್ಪತ್ತು ವರ್ಷಗಳಿಂದ ಫ್ರಾನ್ಸಿನ ತೆಂಕಣ ಭಾಗದ ತೂಲೂಸ್ ನಗರದಲ್ಲಿ, ವಿಮಾನಗಳನ್ನು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರು. 2024ರ ಮೇ ತಿಂಗಳ ರಜೆಯಲ್ಲಿ ಅವನ ಮನೆಯಲ್ಲಿ ಮೂರು ವಾರ ಇದ್ದೆ. ಅವನ ಮಗಳು ಹುಟ್ಟಿದ್ದು 2005ರ ಸೆಪ್ಟೆಂಬರಿನಲ್ಲಿ, ದ್ರಾಕ್ಷಿಯ ಕೊಯ್ಲಿನ ಕಾಲದಲ್ಲಿ. ನಮ್ಮ ಕಡೆ ಕೆಲವು ಮನೆಗಳಲ್ಲಿ ಮಗು ಹುಟ್ಟಿದಾಗ ತೆಂಗಿನ ಸಸಿ ನೆಡುವ ಹಾಗೆ, ಮಗು ಹುಟ್ಟಿದ ವರ್ಷದ ವೈನನ್ನು ಕೊಂಡಿಟ್ಟು ಅದು ಪ್ರಾಯಕ್ಕೆ ಬಂದಾಗ ತೆರೆಯುವುದು ಆ ಸೀಮೆಯಲ್ಲಿ ಅನೇಕರ ವಾಡಿಕೆ. ಅವನೂ 2008ರಲ್ಲಿ ಬೋರ್ದೊ ಪ್ರಾಂತದ ಸ್ಯಾಂತೆಸ್ತೆಫ್ ಗ್ರಾಮದ ಒಂದು ತೋಟದ, 2005ನೆಯ ಇಸವಿಯ ಬೆಳೆಯ ಆರು ಬಾಟಲಿಗಳನ್ನು ಕೊಂಡ. ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ತೂಲೂಸಿನ ಮನೆಯಲ್ಲಿ ಅವು ಬಾಳಲಾರವೆಂದು ಬೋರ್ದೊ ನಗರದಲ್ಲಿ, ಸಹೋದ್ಯೋಗಿಯೊಬ್ಬನ ತಂದೆಯ ನೆಲಮಾಳಿಗೆಯಲ್ಲಿ ಇರಿಸಿದ. 2012ರಲ್ಲಿ ಒಂದನ್ನೂ 2018ರಲ್ಲಿ ಇನ್ನೊಂದನ್ನೂ ತೆರೆದು ನೋಡಿದ್ದರು; ಎರಡು ಸಲವೂ ಮುಚ್ಚಿದ ಕದಕ್ಕೆ ಹಲ್ಲು ಹಾಕಿದಂತೆ ಆಯಿತಂತೆ. ಉಳಿದವು ನಾಲ್ಕು.

ಮಗಳು ಸೆಪ್ಟೆಂಬರಿನಲ್ಲಿ ಓದಿಗಾಗಿ ಪ್ಯಾರಿಸಿಗೆ ಹೊರಡುವವಳಿದ್ದಳು. “ಅವಳು ಮನೆ ಬಿಡೋ ಮುಂಚೆ ಎಲ್ಲಾ ಕೂತು ಅದನ್ನ ಮುಗಿಸಿಬಿಡೋಣ ಅಂತ ನನಗೆ. ಆಮೇಲೆ ಯಾರು ಎಲ್ಲಿರ್ತಾರೋ, ಅಣ್ಣಯ್ಯ” ಎಂದು ತಮ್ಮ ಹೇಳಿದ. ಮಾಳಿಗೆಯ ಯಜಮಾನರು ಮಾತ್ರ, ಒಂದನ್ನು ತೆರೆದು ನೋಡದೆ ಉಳಿದ ಮೂರರ ವಿಷಯದಲ್ಲಿ ಏನೂ ಹೇಳಲಾಗದು ಎಂದಿದ್ದರು. ಈ ಪರೀಕ್ಷೆಯ ಕಷ್ಟವೇ ಅದು. ಪದ್ಯವನ್ನು ನೂರು ಸಲ ಓದಿ ನೂರು ಸಲ ಅಭಿಪ್ರಾಯ ಬದಲಿಸಬಹುದು. ಪದ್ಯಕ್ಕೆ ಏನೂ ಆಗುವುದಿಲ್ಲ. ಬಾಟಲಿಯ ಯೋಗ್ಯತೆಯನ್ನು ತಿಳಿಯಬೇಕಾದರೆ ಅದನ್ನು ಮುಗಿಸಬೇಕು. ಹೀಗೆ ನಾವು ಮೂವರು, ತಮ್ಮ, ಅವನ ಮಗಳು ಮತ್ತು ನಾನು, ಒಂದು ಶನಿವಾರ ರೈಲು ಹತ್ತಿ ಎರಡು ಗಂಟೆಗೂ ಮಿಕ್ಕ ಪ್ರಯಾಣ ಮಾಡಿ ಬೋರ್ದೊ ತಲುಪಿದೆವು.

ಯಜಮಾನರಿಗೆ ಎಂಬತ್ತೆರಡು ವರ್ಷ. ನಲವತ್ತು ವರ್ಷ ವೈನಿನ ದಲಾಳಿಯಾಗಿದ್ದವರು. ದಲಾಳಿ ಎಂದೊಡನೆ ನಮ್ಮ ಕಡೆಯವರ ಕಣ್ಣಮುಂದೆ ಅಡಕೆ ಮಂಡಿ ಬಂದು ನಿಲ್ಲುತ್ತದೆ, ಬಂದರೆ ತಪ್ಪಿಲ್ಲ. ತೋಟದವನಿಗೂ ವರ್ತಕನಿಗೂ ನಡುವೆ ನಿಂತು, ಮಾಲನ್ನು ರುಚಿ ನೋಡಿ, ಇದು ಇಂಥ ದರ್ಜೆಯದು ಎಂದು ಹೇಳುವ ಕಸುಬು ಅಲ್ಲಿ ಶತಮಾನಗಳಷ್ಟು ಹಳೆಯದು. 1855ರಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿ ಪ್ಯಾರಿಸಿನಲ್ಲಿ ಮಹಾಪ್ರದರ್ಶನವನ್ನು ನಡೆಸಿದಾಗ, ಬೋರ್ದೊದ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿ ಪಟ್ಟಿ ಬರೆದುಕೊಟ್ಟವರು ಪಂಡಿತರಲ್ಲ, ಈ ದಲಾಳಿಗಳೇ. ಯಾವ ತೋಟದ ಮಾಲು ಬಹುಕಾಲದಿಂದ ಯಾವ ಬೆಲೆಗೆ ಹೋಗುತ್ತಿದೆ ಎಂಬುದೇ ಅವರ ಅಳತೆಗೋಲು. ಆ ಪಟ್ಟಿ ಇಂದಿಗೂ ಚಲಾವಣೆಯಲ್ಲಿದೆ. ಅದರಲ್ಲಿ ಆದ ಗಣ್ಯವಾದ ಬದಲಾವಣೆಯೆಂದರೆ 1973ರಲ್ಲಿ ಮೂತೋನ್ ರಾತ್‌ಶೀಲ್ಡ್ ಎಂಬ ತೋಟವನ್ನು ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿಸಿದ್ದು. ಆ ಆಜ್ಞೆಗೆ ರುಜು ಹಾಕಿದವರು ಆಗ ಕೃಷಿಮಂತ್ರಿಯಾಗಿದ್ದು ಮುಂದೆ ರಾಷ್ಟ್ರಾಧ್ಯಕ್ಷರಾದ ಜಾಕ್ ಶಿರಾಕ್. ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಪಟ್ಟಿಗಳು ಇದಕ್ಕಿಂತ ಚುರುಕಾಗಿ ಬದಲಾಗುತ್ತವೆ ಎಂದು ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಬೋರ್ದೊ ನಗರದಿಂದ ಬಡಗಣಕ್ಕೆ, ಜಿರೋಂದ್ ಅಳಿವೆಗೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ನಾಲಗೆಯಂತೆ ಚಾಚಿಕೊಂಡಿರುವ ನೆಲಕ್ಕೆ ಮೆದೋಕ್ ಎಂದು ಹೆಸರು. ಒಂದು ಕಾಲಕ್ಕೆ ಬಹುಪಾಲು ಜೌಗು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನಿಂದ ಬಂದ ಕುಶಲಿಗಳು ಕಾಲುವೆ ತೋಡಿ ನೀರು ಬಸಿದ ಮೇಲೆ, ಹೊಳೆ ಯಾವ ಯುಗದಲ್ಲೋ ತಂದು ಹಾಕಿದ್ದ ನುರುಜುಗಲ್ಲಿನ ದಿಬ್ಬಗಳು ಬೇಸಾಯಕ್ಕೆ ಒದಗಿದುವು. ಬೇರೆ ಬೆಳೆಗೆ ಕೈಲಾಗದ ಆ ಕಲ್ಲುನೆಲವೇ ದ್ರಾಕ್ಷಿಗೆ ಹಿತ. ನೀರು ನಿಲ್ಲದ್ದರಿಂದ ಬೇರು ಆಳಕ್ಕೆ ಇಳಿಯುತ್ತದೆ. ಕಲ್ಲು ಹಗಲಿನ ಬಿಸಿಯನ್ನು ಹಿಡಿದಿಟ್ಟು ಕಾಯನ್ನು ಹಣ್ಣು ಮಾಡಲು ನೆರವಾಗುತ್ತದೆ. ಸ್ಯಾಂತೆಸ್ತೆಫ್ ಆ ಪ್ರದೇಶದ ಹೆಸರಾಂತ ಗ್ರಾಮಗಳಲ್ಲಿ ಬಡಗಣ ತುದಿಯದು. ಅಲ್ಲಿನ ಮಣ್ಣಿನಲ್ಲಿ ಜೇಡಿಯ ಪಾಲು ಹೆಚ್ಚು. ಅಲ್ಲಿನ ವೈನು ಎಳವೆಯಲ್ಲಿ ಬಿರುಸು, ಮಾಗುವುದು ನಿಧಾನ ಎಂದು ಖ್ಯಾತಿ.

ದ್ರಾಕ್ಷಿ ಎಂದರೆ ನಮಗೆ ಬೆಂಗಳೂರು ನೀಲಿ: ಒತ್ತಿದರೆ ಸಿಪ್ಪೆ ಕಳಚಿ ಬರುವ, ದೂರಕ್ಕೇ ಘಮ್ಮೆನ್ನುವ ಹಣ್ಣು. ಮೆದೋಕಿನ ಮುಖ್ಯ ಜಾತಿಯಾದ ಕ್ಯಾಬರ್ನೆ ಸೋವಿನ್ಯೋಂ ಇದಕ್ಕೆ ವಿರುದ್ಧ ಸ್ವಭಾವದ್ದು. ಕಾಳು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜ ದೊಡ್ಡದು, ಹಣ್ಣಾಗುವುದೂ ತಡವಾಗಿ. ಇದರ ಹುಟ್ಟು ಬಹುಕಾಲ ಒಗಟಾಗಿತ್ತು. ಕ್ಯಾಬರ್ನೆ ಫ್ರಾಂ ಎಂಬ ಕೆಂಪು ಜಾತಿಗೂ ಸೋವಿನ್ಯೋಂ ಬ್ಲಾಂ ಎಂಬ ಬಿಳಿಯ ಜಾತಿಗೂ ಹುಟ್ಟಿದ ಕೂಸು ಇದು ಎಂದು ಕ್ಯಾಲಿಫೋರ್ನಿಯದ ವಿಜ್ಞಾನಿಗಳು 1997ರಲ್ಲಿ ಸಾಧಿಸಿ ತೋರಿಸಿದರು. ಇದರ ಬಿರುಸನ್ನು ತಗ್ಗಿಸಲು ಮೆರ್ಲೋ ಎಂಬ ಮೆದುವಾದ ಜಾತಿಯ ರಸವನ್ನು ಬೆರೆಸುವುದು ಆ ಸೀಮೆಯ ಪದ್ಧತಿ. 2005ರಲ್ಲಿ ಅಲ್ಲಿ ಮಳೆ ತೀರ ಕಡಿಮೆ. ಕಾಳು ಇನ್ನೂ ಚಿಕ್ಕದಾಗಿ ಸಿಪ್ಪೆ ಇನ್ನೂ ದಪ್ಪವಾಗಿ, ಬಾಳುವಂಥ ವೈನು ಆಯಿತೆಂದು ಆಗಲೇ ಹೊಗಳಿದ್ದರು.

ನೆಲಮಾಳಿಗೆಗೆ ಹನ್ನೆರಡು ಮೆಟ್ಟಿಲು. ಒಳಗೆ ಹನ್ನೆರಡು ಡಿಗ್ರಿಯ ತಂಪು, ಗವಿಯ ಕತ್ತಲೆ. ಬಾಟಲಿಗಳೆಲ್ಲ ಅಡ್ಡ ಮಲಗಿದ್ದುವು. ಬಿರಡೆ ಒಳಗಿನ ರಸದಿಂದ ನೆನೆದಿದ್ದರೆ ಸೆಡೆತು ಗಾಳಿಗೆ ದಾರಿ ಬಿಡುವುದಿಲ್ಲವಂತೆ. ನಮ್ಮದೊಂದನ್ನು ಮಾತ್ರ ಹಿಂದಿನ ದಿನವೇ ಎತ್ತಿ ಅಡುಗೆಮನೆಯ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದರು. ಹದಿನೆಂಟು ವರ್ಷದ ಗಸಿ ತಳಕ್ಕೆ ಇಳಿಯಲಿ ಎಂದು. ಬಿರಡೆಯನ್ನು ಸದ್ದಿಲ್ಲದೆ ತೆಗೆದು, ಮೇಣದ ಬತ್ತಿಯೊಂದನ್ನು ಹೊತ್ತಿಸಿ, ಬಾಟಲಿಯ ಕೊರಳನ್ನು ಅದರ ಬೆಳಕಿಗೆ ಹಿಡಿದು ಒಂದೇ ಧಾರೆಯಾಗಿ ಗಾಜಿನ ಹೂಜಿಗೆ ಬಗ್ಗಿಸಿದರು. ಕಾಫಿಯ ಚರಟದಂಥ ಕರಿಯ ಎಳೆ ಕೊರಳಿಗೆ ಬಂದದ್ದು ಬೆಳಕಿನಲ್ಲಿ ಕಂಡಕೂಡಲೇ ಕೈ ನಿಂತಿತು. ಎಂಬತ್ತೆರಡರ ಆ ಕೈ ಒಂದಿಷ್ಟೂ ನಡುಗಲಿಲ್ಲ.

ಮೊದಲು ಕಣ್ಣು. ಬಟ್ಟಲಿನ ಮೂರರಲ್ಲೊಂದು ಪಾಲು ಹೊಯ್ದು, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರು. ಎಳೆಯ ವೈನಿನ ಅಂಚಿನಲ್ಲಿ ನೇರಳೆಯ ಛಾಯೆ ಇರುತ್ತದೆ. ವಯಸ್ಸಾದಂತೆ ಅದು ಮಾಣಿಕ್ಯದ ಕೆಂಪಿಗೂ ಅಲ್ಲಿಂದ ಇಟ್ಟಿಗೆಯ ಬಣ್ಣಕ್ಕೂ ತಿರುಗುತ್ತದೆ. ನಮ್ಮದು ನಡುವೆ ಇನ್ನೂ ಕಡುಗೆಂಪು. ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಇಟ್ಟಿಗೆ. ಇದನ್ನು ನೋಡಿ ನಾನು ಏನೋ ದೊಡ್ಡದಾಗಿ ಅನ್ನಲು ಹೊರಟೆ. ಯಜಮಾನರು ತಡೆದು, ಕಣ್ಣು ಹೇಳಿದ್ದನ್ನು ಕೇಳಬೇಕು, ನಂಬಬಾರದು ಎಂದರು. ಇದಕ್ಕೆ ಅವರದೇ ಊರಿನಲ್ಲಿ ನಡೆದ ಪ್ರಯೋಗವೊಂದರ ಸಾಕ್ಷಿಯಿದೆ. ವೈನ್ ಶಾಸ್ತ್ರವನ್ನು ಓದುತ್ತಿದ್ದ 54 ಮಂದಿ ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿಯ ವೈನನ್ನು ಕೊಟ್ಟರು. ಅದರ ಪರಿಮಳವನ್ನು ಅವರು ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಬಣ್ಣಿಸಿದರು. ಈ ಸಂಶೋಧನೆ ಪ್ರಕಟವಾದದ್ದು 2001ರಲ್ಲಿ. ಕವಿಯ ಹೆಸರನ್ನು ಮೊದಲು ನೋಡಿ ಆಮೇಲೆ ಪದ್ಯವನ್ನು ಓದುವ ನಮ್ಮಂಥವರು ಆ ಹುಡುಗರನ್ನು ನಗುವಂತಿಲ್ಲ.

ಆಮೇಲೆ ಮೂಗು. ಮೊದಲು ಹುಡುಕುವುದು ಗುಣವನ್ನಲ್ಲ, ದೋಷವನ್ನು. ಬಿರಡೆ ಕೆಟ್ಟಿದ್ದರೆ ಮಳೆಗಾಲದಲ್ಲಿ ಮುಚ್ಚಿಟ್ಟ ಚೀಲದ ಮುಗ್ಗಲು ವಾಸನೆ ಬರುತ್ತದೆ. ಅಲ್ಲಿಗೆ ಪರೀಕ್ಷೆ ಮುಗಿದಂತೆ. ನಮ್ಮದರಲ್ಲಿ ಮುಗ್ಗಲಿರಲಿಲ್ಲ. ಬಟ್ಟಲನ್ನು ಮೆಲ್ಲಗೆ ಸುತ್ತಿಸಿ ಮೂಗಿಗೆ ಹಿಡಿದೆ. ಯಜಮಾನರು ಯಾವುದೋ ಕರಿಯ ಹಣ್ಣಿನ ಹೆಸರು ಹೇಳಿದರು. ಅದನ್ನು ನಾನು ಕಂಡವನಲ್ಲ. ನನಗೆ ತೋರಿದ್ದು ಹಣ್ಣಾದ ನೇರಳೆ. ಅದರ ಹಿಂದೆ ಹೊಸದಾಗಿ ಕೆತ್ತಿದ ಪೆನ್ಸಿಲಿನ ವಾಸನೆ. ಇನ್ನೂ ಹಿಂದೆ, ಒಣಗಿದ ಹೊಗೆಸೊಪ್ಪು. ಪೆನ್ಸಿಲು ಎಂದದ್ದಕ್ಕೆ ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಗಂಭೀರವಾಗಿ ತಲೆದೂಗಿ, ಮೆದೋಕಿನ ವೈನಿಗೆ ತಾವೂ ಅದೇ ಮಾತನ್ನು ಹೇಳುವುದಾಗಿ ತಮ್ಮನ ಬಾಯಿಂದ ತಿಳಿಸಿದರು. ಮೂವತ್ತು ವರ್ಷದ ಹಿಂದೆ ಕನ್ನಡ ಶಾಲೆಯಲ್ಲಿ ಪೆನ್ಸಿಲು ಹೆರೆದದ್ದು ಹೀಗೆ ಉಪಯೋಗಕ್ಕೆ ಬಂತು.

ಕೊನೆಗೆ ಬಾಯಿ. ಒಂದು ಗುಟುಕಿನಷ್ಟು ತೆಗೆದುಕೊಂಡು, ತುಟಿಯ ಸಂದಿನಿಂದ ಗಾಳಿಯೆಳೆದು, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದೆ. ಮೊದಲ ಕ್ಷಣ ಮೆದು; ಮತ್ತೆ ನಾಲಗೆಯ ಪಕ್ಕಗಳಲ್ಲಿ ಹುಳಿ; ಮರುಕ್ಷಣ ಒಸಡು ಬಿಗಿದು, ನಾಲಗೆ ಅಂಗುಳಿಗೆ ಅಂಟಿಕೊಂಡು, ಬಾಯೆಲ್ಲ ಒಣಗಿದಂತೆ ಆಯಿತು. ಉಗುಳುವ ಪಾತ್ರೆಯ ಕಡೆಗೆ ಬಾಗಿದವನು ಬಾಗಿದಂತೆಯೇ, “ಚೊಗರು!” ಎಂದೆ.

ಅಡಕೆ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಯಡಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕಡುಗೆಂಪು ನೀರು ಚೊಗರು. ಅದನ್ನು ಮಂದವಾಗಿಸಿ ಅಡಕೆಗೆ ಬಣ್ಣ ಕೊಡಲು ಬಳಸುತ್ತಾರೆ. ಚಿಕ್ಕಂದಿನಲ್ಲಿ ಪಂಥ ಕಟ್ಟಿ ಅದಕ್ಕೆ ಬೆರಳದ್ದಿ ನೆಕ್ಕಿದ ನೆನಪು ನಾಲಗೆಗೆ ಹೋಗಿಲ್ಲ. ನಮ್ಮ ಹಿರಿಯರು ಷಡ್ರಸಗಳಲ್ಲಿ ಕಷಾಯವೆಂದು ಎಣಿಸಿದ್ದು, ನಾವು ಒಗರೆಂದು ಹೇಳುವುದು ಇದನ್ನೇ. ಎರಡಕ್ಕೂ ಕಾರಣವಾದ ದ್ರವ್ಯದ ಕುಲವೂ ಒಂದೇ: ಟ್ಯಾನಿನ್. ವೈನಿಗೆ ಇದು ಬರುವುದು ಸಿಪ್ಪೆ ಬೀಜಗಳಿಂದ. 225 ಲೀಟರು ಹಿಡಿಸುವ ಓಕ್ ಮರದ ಪೀಪಾಯಿಯಲ್ಲಿ ಒಂದೂವರೆ ವರ್ಷದಷ್ಟು ಕಾಲ ಇರಿಸುವಾಗ ಮರದಿಂದಲೂ ಒಂದಷ್ಟು. ಬಾಯನ್ನು ಜಾರುವಂತೆ ಇಟ್ಟಿರುವ ಎಂಜಲಿನ ಸಸಾರಜನಕಗಳನ್ನು ಇದು ಹಿಡಿದು ಕಟ್ಟಿಹಾಕುತ್ತದೆ. ಆದ್ದರಿಂದಲೇ ಒಣಗಿದ ಅನುಭವ. ಒಗರು ನಾಲಗೆಯ ರುಚಿಗಿಂತ ಹೆಚ್ಚಾಗಿ ಸ್ಪರ್ಶ ಎನ್ನುತ್ತಾರೆ ಇಂದಿನ ಶರೀರಶಾಸ್ತ್ರಜ್ಞರು. ವರ್ಷಗಳು ಕಳೆದಂತೆ ಈ ಕಣಗಳು ತಮ್ಮತಮ್ಮಲ್ಲಿಯೂ ಬಣ್ಣದ ಕಣಗಳೊಡನೆಯೂ ಕೂಡಿಕೊಂಡು ರೂಪ ಬದಲಿಸುತ್ತವೆ. ಒಂದು ಪಾಲು ಭಾರವಾಗಿ ತಳಕ್ಕೆ ಇಳಿಯುತ್ತದೆ. ಮೇಣದ ಬತ್ತಿಯ ಬೆಳಕಿನಲ್ಲಿ ನಾವು ಕಂಡ ಚರಟ ಅದೇ. ಬಿರುಸು ಇಳಿದು, ಹಣ್ಣಿನ ಹಸಿ ಪರಿಮಳ ಹೋಗಿ, ಬೇರೆ ಬಗೆಯ ಮಾಗಿದ ಪರಿಮಳಗಳು ಏಳುತ್ತವೆ.

ಎಲ್ಲ ವೈನಿಗೂ ಈ ಭಾಗ್ಯವಿಲ್ಲ. ಲೋಕದಲ್ಲಿ ಆಗುವ ವೈನಿನ ಬಹುಪಾಲು ಒಂದೆರಡು ವರ್ಷದಲ್ಲೇ ಕುಡಿದು ಮುಗಿಸಬೇಕಾದದ್ದು, ಇಟ್ಟರೆ ಕೆಡುತ್ತದೆ. ಇಡಲು ತಕ್ಕದ್ದು ಯಾವುದು ಎಂಬುದನ್ನು ಅದು ಎಳೆಯದಾಗಿರುವಾಗಲೇ ಹೇಳಬೇಕು. ಬೋರ್ದೊದಲ್ಲಿ ಕೊಯ್ಲಾದ ಮರುವರ್ಷದ ವಸಂತಕ್ಕೇ, ಆರು ತಿಂಗಳ ಕೂಸು ಇನ್ನೂ ಪೀಪಾಯಿಯಲ್ಲಿರುವಾಗಲೇ ವರ್ತಕರೂ ವಿಮರ್ಶಕರೂ ನೆರೆದು ರುಚಿ ನೋಡಿ, ಅದು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಏನಾದೀತೆಂದು ಬರೆಯುತ್ತಾರೆ. ಆಗ ಅದು ಬಾಯಿಗೆ ಹಿತವಾಗಿರುವುದಿಲ್ಲ. ಮುಂದೆ ಅದನ್ನು ಕಾಪಾಡುವ ಒಗರೂ ಹುಳಿಯೂ ಇಂದು ದೋಷಗಳಂತೆಯೇ ತೋರುತ್ತವೆ. ಹಾಗೆಂದು ಒಗರಿದ್ದದ್ದೆಲ್ಲ ಮಾಗುತ್ತದೆಯೇ? ಇಲ್ಲ. ಒಳಗೆ ತಿರುಳಿಲ್ಲದ ಒಗರು ಬರಿಯ ಒಗರಾಗಿಯೇ ಮುದಿಯಾಗುತ್ತದೆ. ಬೋರ್ದೊ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ, 1980ರಲ್ಲಿ ವೈನಿನ ರುಚಿಯ ಬಗ್ಗೆಯೇ ಒಂದು ಉದ್ಗ್ರಂಥವನ್ನು ಹೊರತಂದ ಎಮಿಲ್ ಪೇನೋ ಅವರು ಇದನ್ನು ತಕ್ಕಡಿಯಂತೆ ವಿವರಿಸಿದರು: ಒಂದು ತಟ್ಟೆಯಲ್ಲಿ ಮದ್ಯಸಾರ ಮೊದಲಾದವುಗಳ ಸವಿ, ಇನ್ನೊಂದರಲ್ಲಿ ಹುಳಿ ಮತ್ತು ಒಗರು ಎರಡೂ ಸೇರಿ. ನನ್ನ ಅಜ್ಜಿಗೆ ಇದು ಗೊತ್ತಿತ್ತು. ಆಕೆ ಅಪ್ಪೆಮಿಡಿಯ ತೊಟ್ಟು ಮುರಿದು, ಸೊನೆಯನ್ನು ಮೂಸಿ, ಇದು ಭರಣಿಯಲ್ಲಿ ಮೂರು ವರ್ಷ ಬಾಳುತ್ತದೆ, ಇದು ಬಾಳುವುದಿಲ್ಲ ಎಂದು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದಳು. ಹುಳಿ ಎರಡರಲ್ಲೂ ಇರುತ್ತಿತ್ತು.

ಈ ಭವಿಷ್ಯ ಹೇಳುವ ಕೆಲಸದಲ್ಲಿ ಬೋರ್ದೊದ ಪಂಡಿತರು ಎಡವಿದ್ದೂ ಉಂಟು. 1975ನೆಯ ಇಸವಿಯ ವೈನುಗಳು ಬಂದಾಗ ಅವುಗಳ ಒಗರನ್ನೇ ದೀರ್ಘಾಯುಷ್ಯದ ಲಕ್ಷಣವೆಂದು ಕೊಂಡಾಡಿದರು. ಅನೇಕ ಬಾಟಲಿಗಳಲ್ಲಿ ಒಗರು ಇಳಿಯುವ ಮೊದಲೇ ಹಣ್ಣು ಒಣಗಿಹೋಯಿತು. 1982ರದು ಎಳವೆಯಲ್ಲೇ ಮೆದುವಾಗಿ ಸವಿಯಾಗಿತ್ತು. ಇಷ್ಟು ಸುಲಭವಾಗಿ ಒಲಿಯುವುದು ಬಾಳಲಾರದೆಂದು ಕೆಲವರು ತಲೆಯಾಡಿಸಿದರು. ಆಗಿನ್ನೂ ಹೊಸಬರಾಗಿದ್ದ ರಾಬರ್ಟ್ ಪಾರ್ಕರ್ ಎಂಬ ಅಮೆರಿಕದ ವಿಮರ್ಶಕರು ಮಾತ್ರ ಅದನ್ನು ಎತ್ತಿಹಿಡಿದರು. ಅದು ಬಾಳಿತು, ಅವರ ಹೆಸರೂ ಬೆಳೆಯಿತು. ಇನ್ನೊಂದು ಕತೆ ಇನ್ನೂ ಮುಜುಗರದ್ದು. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ, ಬಾಟಲಿಗಳ ಗುರುತು ಮರೆಮಾಡಿ, ಫ್ರಾನ್ಸಿನ ತೀರ್ಪುಗಾರರಿಂದಲೇ ಬೋರ್ದೊದ ಮತ್ತು ಕ್ಯಾಲಿಫೋರ್ನಿಯದ ಕೆಂಪು ವೈನುಗಳನ್ನು ಪರೀಕ್ಷೆ ಮಾಡಿಸಿದರು. ಗೆದ್ದದ್ದು ಕ್ಯಾಲಿಫೋರ್ನಿಯದ್ದು. ನಮ್ಮದು ನಿಧಾನವಾಗಿ ಮಾಗುವಂಥದು, ಕಾದು ನೋಡಿ ಎಂದರು ಬೋರ್ದೊದ ಅಭಿಮಾನಿಗಳು. ಮೂವತ್ತು ವರ್ಷ ಕಾದು 2006ರಲ್ಲಿ ಅದೇ ವೈನುಗಳನ್ನು ಮತ್ತೆ ತೆರೆದಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಕ್ಕೇ ಹೋದುವು. ಯಜಮಾನರೆದುರು ಈ ಕತೆಯನ್ನು ಎತ್ತಿದ್ದು ನನ್ನ ಅವಿವೇಕ. ಅವರು ಮುಗುಳುನಕ್ಕು, “ಕಾಯುವುದು ವಾದವಲ್ಲ” ಎಂದಷ್ಟೇ ಅಂದರು.

ಆ ಮಾತು ನನ್ನನ್ನು ಎಲ್ಲಿಗೋ ಒಯ್ದಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಎರಡನೆಯ ಬಿ.ಎ. ತರಗತಿಯ ಹುಡುಗನೊಬ್ಬ ಪದ್ಯಗಳ ನೋಟುಪುಸ್ತಕವೊಂದನ್ನು ತಂದುಕೊಟ್ಟಿದ್ದ. ಮಾತು ಗಂಟುಗಂಟು, ಲಯ ಕಲ್ಲುದಾರಿ. ‘ಬಿಗಿ ಹೆಚ್ಚು, ಓದಲು ಸುಖವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟೆ. ಅದೇ ವರ್ಷ ನೀರಿನಂತೆ ಹರಿಯುವ ಪದ್ಯಗಳನ್ನು ಬರೆಯುತ್ತಿದ್ದ ಇನ್ನೊಬ್ಬನದನ್ನು ಕಾಲೇಜಿನ ವಾರ್ಷಿಕ ಸಂಚಿಕೆಯ ಮೊದಲ ಪುಟಕ್ಕೆ ಹಾಕಿಸಿದೆ. ಅವನು ಪದವಿ ಮುಗಿದ ಮೇಲೆ ಒಂದು ಸಾಲನ್ನೂ ಬರೆದಂತೆ ಕಾಣೆ. ಮೊದಲನೆಯವನು ತನ್ನ ಪುಸ್ತಕವನ್ನು ಕೇಳಲು ಬರಲೇ ಇಲ್ಲ. ನನ್ನ ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಆಗಲೇ ಕೇಳಿದ್ದ. ಈಗ ನಮ್ಮೂರಿನಲ್ಲೇ ಇದ್ದಾನೆ, ಎದುರಾದಾಗ ವಿನಯದಿಂದ ನಮಸ್ಕರಿಸುತ್ತಾನೆ, ಪದ್ಯದ ಮಾತೆತ್ತುವುದಿಲ್ಲ. ಫ್ರಾನ್ಸಿನಿಂದ ಬಂದವನು ಕಪಾಟಿನಿಂದ ಅದನ್ನು ತೆಗೆದು ಓದಿದೆ. ಬಿಗಿ ಇದೆ, ನಿಜ. ನಾಲ್ಕೈದು ಪದ್ಯಗಳಲ್ಲಿ ಆ ಬಿಗಿಯೊಳಗೆ ಹಣ್ಣೂ ಇದೆ. ಇಪ್ಪತ್ತೈದರ ವಯಸ್ಸಿನಲ್ಲಿ ನಾನು ಮೊದಲ ಗುಟುಕಿಗೇ ಉಗುಳಿಬಿಟ್ಟಿದ್ದೆ. ನನ್ನ ಕೆಂಪು ಶಾಯಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಪುಸ್ತಕವನ್ನು ಹಿಂದಿರುಗಿಸಬೇಕು. ಇದನ್ನು ಬರೆಯುವ ಹೊತ್ತಿಗೂ ಹಿಂದಿರುಗಿಸಿಲ್ಲ.

ಹೂಜಿಯಲ್ಲಿ ಎರಡು ಗಂಟೆ ಗಾಳಿಯಾಡಿದ ಮೇಲೆ ಎರಡನೆಯ ಸಲ ರುಚಿ ನೋಡಿದೆವು. ಒಗರು ಹೋಗಿರಲಿಲ್ಲ. ಆದರೆ ಆಗ ಮರಳಿನಂತೆ ಉಜ್ಜಿದ್ದು ಈಗ ಒರಟು ರೇಷ್ಮೆಯಂತೆ ತೋರಿತು. ಅದನ್ನು ದಾಟಿಕೊಂಡು ನೇರಳೆಯ ಸವಿ ಮೇಲೆ ಬಂತು. ಯಜಮಾನರು ಉಗುಳಿ, ಕೈಗಡಿಯಾರದ ಮೇಲೆ ಕಣ್ಣಿಟ್ಟು, ಬಾಯಿ ಮುಚ್ಚಿ ಕುಳಿತರು. ವೈನು ಬಾಯಿಂದ ಹೋದ ಮೇಲೂ ಅದರ ಪರಿಮಳ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸುವುದೊಂದು ಪದ್ಧತಿ. ಒಂದು ಸೆಕೆಂಡಿಗೆ ಒಂದು ಕೊದಾಲಿ. ಲ್ಯಾಟಿನ್ನಿನಲ್ಲಿ ಬಾಲಕ್ಕಿರುವ ಹೆಸರಿನಿಂದ ಬಂದ ಮಾತು. ಒಗರು ನಿಂತರೆ ಅದು ಲೆಕ್ಕಕ್ಕಿಲ್ಲ, ಪರಿಮಳ ನಿಲ್ಲಬೇಕು. ಅವರು ಹನ್ನೊಂದರವರೆಗೆ ಎಣಿಸಿದರು. ನಾನು ಏಳಕ್ಕೇ ಕಳೆದುಕೊಂಡೆ. ತಮ್ಮನ ಮಗಳು ಹದಿಮೂರು ಎಂದಳು; ಎಳೆಯ ಮೂಗನ್ನು ಒಪ್ಪಬೇಕು ಎಂದು ಯಜಮಾನರು ತಮ್ಮ ಎಣಿಕೆಯನ್ನು ತಿದ್ದಿಕೊಂಡರು.

ತೀರ್ಪನ್ನು ಅವರು ತಮ್ಮನ ಮುಖ ನೋಡಿಯೇ ಹೇಳಿದರು. “ಇಂದೂ ಕುಡಿಯಬಹುದು, ಅಪರಾಧವಲ್ಲ. ಎಂಟು ವರ್ಷ ಬಿಟ್ಟರೆ ಇದು ತಾನೇ ಮಾತಾಡುತ್ತದೆ. ಒಳಗೆ ಬೇಕಾದಷ್ಟಿದೆ.” ತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ನನಗೆ ಕಾಣಿಸಿತು. 2032. ಮಗಳಿಗೆ ಇಪ್ಪತ್ತೇಳು, ಅವಳು ಯಾವ ದೇಶದಲ್ಲೋ. ಅಮ್ಮ ಇರುತ್ತಾಳೆಯೋ ಇಲ್ಲವೋ. ಇದ್ದರೂ ಅಮ್ಮನಿಗೂ ವೈನಿಗೂ ಏನು ಸಂಬಂಧವೆಂದು ಕೇಳುವಂತಿರಲಿಲ್ಲ, ಅವನು ಎಣಿಸುತ್ತಿದ್ದುದು ಬಾಟಲಿಗಳನ್ನಲ್ಲ. ಯಜಮಾನರಿಗೆ ತೊಂಬತ್ತು. ಆಗ ತಾವೂ ಬರಬೇಕು ಎಂದು ನಾನು ಉಪಚಾರಕ್ಕೆ ಅಂದೆ. ಅವರು ನಕ್ಕು, ತಾವು ಕೂರಲಾರದ ಪಂಕ್ತಿಗಳಿಗಾಗಿಯೇ ನಲವತ್ತು ವರ್ಷ ರುಚಿ ನೋಡಿದವರು ತಾವು ಎಂದರು. ಇಂಥ ಕೆಲಸಕ್ಕೆ ನಮ್ಮಲ್ಲಿ ಮಾವಿನ ಗಿಡ ನೆಡುವ ಮುದುಕನ ಕತೆಯನ್ನು ಹೇಳುತ್ತಾರೆ. ಹೇಳಲು ಹೋಗಿ ಸುಮ್ಮನಾದೆ.

ಸ್ವಲ್ಪ ಹೊತ್ತಿನ ಮೇಲೆ ತಮ್ಮನೇ ಇತ್ಯರ್ಥಕ್ಕೆ ಬಂದ. ಒಂದನ್ನು ಸೆಪ್ಟೆಂಬರಿನಲ್ಲಿ, ಅವಳು ಹೊರಡುವ ಹಿಂದಿನ ರಾತ್ರಿ ತೆರೆಯುವುದು. ಎರಡು ಮಾಳಿಗೆಯಲ್ಲೇ ಇರಲಿ. “ಎರಡಿದ್ರೆ ಒಂದಾದ್ರೂ ಉಳಿಯುತ್ತೆ” ಎಂದ. ಯಾರೂ ಏನೂ ಅನ್ನಲಿಲ್ಲ.

ಹೊರಡುವ ಮುನ್ನ ಯಜಮಾನರು ತಮ್ಮ ಮಾಳಿಗೆಯ ದಪ್ಪ ಪುಸ್ತಕವನ್ನು ತೆರೆದರು. ತೆರೆದ ಪ್ರತಿಯೊಂದು ಬಾಟಲಿಯ ಬಗ್ಗೆಯೂ ಅದರಲ್ಲಿ ತಾರೀಖು ಹಾಕಿ ಒಂದೆರಡು ಸಾಲು ಬರೆದಿಡುವ ಕ್ರಮ. 2012ರ ಪುಟದಲ್ಲಿ ಒಂದೇ ಮಾತಿತ್ತು. ತಮ್ಮನನ್ನು ಕೇಳಿದಾಗ ‘ಮುಚ್ಚಿದೆ’ ಎಂದು ಅರ್ಥ ಹೇಳಿದ. ಈ ದಿನದ್ದನ್ನು ಪೆನ್ಸಿಲಿನಲ್ಲಿ ಬರೆದು ಮುಗಿಸಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ನಿಮ್ಮ ಭಾಷೆಯಲ್ಲಿ ನೀವೂ ಬರೆಯಿರಿ ಎಂದರು. ನಾನು ‘ಒಗರಿದೆ, ಒಳಗೆ ಹಣ್ಣೂ ಇದೆ’ ಎಂದು ಬರೆದು ಕೆಳಗೆ ತಾರೀಖು ಹಾಕಿದೆ. ಏನೆಂದು ಅವರು ಕೇಳಿದಾಗ ತಮ್ಮ ಬಾಯಿ ತೆರೆಯುವ ಮೊದಲೇ ಮಗಳು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿಯಿಂದ ಅಕ್ಷರ ಕಲಿತವಳು. “ದೊಡ್ಡಪ್ಪ, ನೀವು ಹೇಳಬೇಡಿ” ಎಂದು, ಬೆರಳಿಟ್ಟು, ಒಂದೊಂದೇ ಕೂಡಿಸಿ ಓದಿದಳು: ಒ, ಗ, ರು. ಹಣ್ಣಿಗೆ ಫ್ರೆಂಚ್ ಮಾತು ಥಟ್ಟನೆ ಬಂತು. ಒಗರಿಗೆ ಬರಲಿಲ್ಲ. ಒಂದು ಗಳಿಗೆ ಯೋಚಿಸಿ, ಯಜಮಾನರ ಕಡೆಗೆ ತಿರುಗಿ, ನಾಲಗೆಯನ್ನು ಅಂಗುಳಿಗೆ ಅಂಟಿಸಿ ಟಕ್ ಎಂದು ಬಿಡಿಸಿ ತೋರಿಸಿದಳು.